ಕಿರುಸಿರೆಗಳ ಉಪೇಕ್ಷೆ

ಯಕೃತ್ತಿನ ಕಸಿಯ ವಿಷಯದಲ್ಲಿ ನಮ್ಮ ಜನರಲ್ಲಿಯೂ, ಜನರಿಗೆ ತಿಳಿಯಹೇಳಬೇಕಾದ ವೈದ್ಯರಲ್ಲಿ ಹಲವರಲ್ಲಿಯೂ ಒಂದು ನಂಬಿಕೆ ಬೇರೂರಿದೆ. ಶಸ್ತ್ರವೈದ್ಯನು ಹೊಸ ಯಕೃತ್ತನ್ನು ಉದರದೊಳಗಿರಿಸಿ, ಅದರ ಅಪಧಮನಿಯನ್ನೂ ಪೋರ್ಟಲ್ ಸಿರೆಯನ್ನೂ ಹೆಪಾಟಿಕ್ ಸಿರೆಗಳನ್ನೂ ಪಿತ್ತನಾಳವನ್ನೂ ಹೊಲಿದು ಸೇರಿಸಿ, ಡಾಪ್ಲರ್ ಯಂತ್ರದ ಪರದೆಯ ಮೇಲೆ ಆ ನಾಳಗಳಲ್ಲಿ ರಕ್ತ ಸರಾಗವಾಗಿ ಹರಿಯುತ್ತಿರುವುದನ್ನು ಕಂಡನೆಂದರೆ ಕಾರ್ಯ ಸಿದ್ಧಿಸಿತು. ಇನ್ನುಳಿದದ್ದು ಮಾತ್ರೆಗಳನ್ನು ತಪ್ಪದೆ ನುಂಗುವ ಶಿಸ್ತು ಮಾತ್ರ. ಆಮೇಲೆ ಏನಾದರೂ ಏರುಪೇರಾದರೆ ಅದು ದೇಹವು ಪರಕೀಯ ಅಂಗವನ್ನು ತಿರಸ್ಕರಿಸುತ್ತಿರುವುದರ ಲಕ್ಷಣ, ಅದಕ್ಕೆ ಮದ್ದು ಸ್ಟೀರಾಯ್ಡಿನ ಪ್ರಮಾಣವನ್ನು ಏರಿಸುವುದು ಎಂಬುದೇ ಆ ನಂಬಿಕೆ. ಯಕೃತ್ತಿನೊಳಗಿನ ಕಿರುಸಿರೆಗಳು ಮುಚ್ಚಿಹೋಗುವ ವಿಪತ್ತೊಂದು ಉಂಟೆಂದು ಯಾರಾದರೂ ನೆನಪಿಸಿದರೆ, ಅದು ತೀರ ಅಪರೂಪವೆಂದೂ, ಅಸ್ಥಿಮಜ್ಜೆಯ ಕಸಿ ಮಾಡುವವರು ಯೋಚಿಸಬೇಕಾದ ವಿಷಯವೆಂದೂ, ಕಂಡುಹಿಡಿದರೂ ಮಾಡುವುದಕ್ಕೆ ಏನೂ ಇಲ್ಲವೆಂದೂ ಉತ್ತರ ಬರುತ್ತದೆ. ಈ ಉತ್ತರದ ಮೂರು ಭಾಗಗಳೂ ಪರೀಕ್ಷೆಗೆ ನಿಲ್ಲತಕ್ಕವಲ್ಲವೆಂದೂ, ಮೂರೂ ಕೂಡಿ ರೋಗಿಗೆ ದೊಡ್ಡ ಅನ್ಯಾಯವನ್ನೆಸಗುತ್ತವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸಿದ ಮೇಲೆಯೇ ಖಂಡನೆಗೆ ತೊಡಗಬೇಕೆಂಬುದು ನಮ್ಮ ಹಿರಿಯರ ವಾದಧರ್ಮ, ಅದನ್ನಿಲ್ಲಿಯೂ ಪಾಲಿಸತಕ್ಕದ್ದು. ಈ ನಂಬಿಕೆ ಬರಿಯ ಅಜ್ಞಾನದಿಂದ ಹುಟ್ಟಿದ್ದಲ್ಲ. 1963ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಥಾಮಸ್ ಸ್ಟಾರ್ಜ್ಲ್ ಅವರು ಮನುಷ್ಯನ ಯಕೃತ್ತನ್ನು ಮೊಟ್ಟಮೊದಲು ಕಸಿಮಾಡಲೆತ್ನಿಸಿದಾಗ, ರೋಗಿಯಾಗಿದ್ದ ಮಗು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ರಕ್ತಸ್ರಾವದಿಂದ ತೀರಿಕೊಂಡಿತು. ಅನಂತರದ ರೋಗಿಗಳೂ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬದುಕಿದರು. ಕಸಿಯ ತರುವಾಯ ಒಂದು ವರ್ಷವನ್ನು ದಾಟಿದ ರೋಗಿಯನ್ನು ಜಗತ್ತು ಕಂಡದ್ದು 1967ರ ಶಸ್ತ್ರಚಿಕಿತ್ಸೆಗಳ ಫಲವಾಗಿ. 1968ರಲ್ಲಿ ಕೇಂಬ್ರಿಜ್ಜಿನಲ್ಲಿ ರಾಯ್ ಕಾಲ್ನ್ ಅವರೂ ಈ ದುರ್ಗಮ ಮಾರ್ಗವನ್ನು ಹಿಡಿದರು. ಆ ಕಾಲದಲ್ಲಿ ಸಾವು ಬರುತ್ತಿದ್ದುದು ಹೆಚ್ಚಾಗಿ ರಕ್ತಸ್ರಾವದಿಂದ, ಪಿತ್ತದ ಸೋರಿಕೆಯಿಂದ, ಹೊಲಿದ ನಾಳ ಹೆಪ್ಪುಗಟ್ಟುವುದರಿಂದ, ಸೋಂಕಿನಿಂದ ಮತ್ತು ತಿರಸ್ಕಾರದಿಂದ. ಸೈಕ್ಲೋಸ್ಪೊರಿನ್ ಎಂಬ ಔಷಧ ಬಂದಮೇಲೆ, ಆ ಬಳಿಕ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ 1984ರಲ್ಲಿ ಪಡೆದ ಟ್ಯಾಕ್ರೊಲಿಮಸ್ ಬಳಕೆಗೆ ಬಂದಮೇಲೆ, ತಿರಸ್ಕಾರವೆಂಬ ವೈರಿ ಬಹುಮಟ್ಟಿಗೆ ಹಿಡಿತಕ್ಕೆ ಸಿಕ್ಕಿತು. ನಮ್ಮ ದೇಶದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯಿದೆಯ ನಂತರ, 1998ರಿಂದೀಚೆಗೆ, ಈ ಚಿಕಿತ್ಸೆ ನೆಲೆಯೂರಿತು. ಇಂದು ವರ್ಷಕ್ಕೆ ಸಾವಿರಗಟ್ಟಲೆ ಕಸಿಗಳು ನಡೆಯುತ್ತಿವೆ. ಹಿರಿಯ ನಾಳಗಳನ್ನು ಕಾಯುತ್ತ, ತಿರಸ್ಕಾರವನ್ನು ಅಡಗಿಸುತ್ತ ಎರಡು ತಲೆಮಾರುಗಳ ವೈದ್ಯರು ಪಡೆದ ಜಯವಿದು. ಅದರ ಮುಂದೆ ನಾವೆಲ್ಲ ತಲೆಬಾಗಬೇಕು. ಆದರೆ ಒಂದು ಕಾಲದ ಅಪಾಯಗಳನ್ನು ಗೆದ್ದ ವಿವೇಕವು ಇನ್ನೊಂದು ಬಗೆಯ ಅಪಾಯವನ್ನು ಕಾಣದಂತೆ ಕಣ್ಣಿಗೆ ಪರೆ ಕಟ್ಟಿದರೆ, ಆ ಪರೆಯನ್ನು ಹರಿಯುವುದು ಜಯವನ್ನು ಹೀಗಳೆದಂತಾಗದು.

ವಿಷಯದ ಮೂಲಕ್ಕೆ ಹೋಗೋಣ. ವಿಶ್ರಾಂತಿಯಲ್ಲಿರುವ ಮನುಷ್ಯನ ಯಕೃತ್ತಿನ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು ರಕ್ತ ಹಾದುಹೋಗುತ್ತದೆ. ಅದರ ನಾಲ್ಕರಲ್ಲಿ ಮೂರು ಪಾಲು ಕರುಳುಗಳಿಂದ ಪೋರ್ಟಲ್ ಸಿರೆಯ ಮೂಲಕ ಬರತಕ್ಕದ್ದು, ಉಳಿದ ಪಾಲು ಅಪಧಮನಿಯಿಂದ. ಒಳಹೊಕ್ಕ ರಕ್ತವು ಕೂದಲೆಳೆಗಿಂತಲೂ ಬಲು ಕಿರಿದಾದ, ಸೈನುಸಾಯ್ಡುಗಳೆಂಬ ಅಸಂಖ್ಯ ಮಾರ್ಗಗಳಲ್ಲಿ ಹಂಚಿಹೋಗಿ, ಇಕ್ಕೆಲದ ಯಕೃತ್ಕೋಶಗಳನ್ನು ತೊಯ್ಯಿಸುತ್ತ, ಪ್ರತಿಯೊಂದು ಸೂಕ್ಷ್ಮಖಂಡದ ನಡುವಿನ ಕೇಂದ್ರಸಿರೆಯನ್ನು ಸೇರಿ, ಅಲ್ಲಿಂದ ಒಂದಕ್ಕಿಂತ ಒಂದು ಹಿರಿದಾದ ಸಿರೆಗಳಿಗೆ ಇಳಿದು, ಕಡೆಗೆ ಹೃದಯದತ್ತ ನಡೆಯುತ್ತದೆ. ಸೈನುಸಾಯ್ಡಿನ ಒಳಗೋಡೆಯ ಜೀವಕೋಶಗಳು ಅತ್ಯಂತ ತೆಳುವಾದವು, ರಂಧ್ರಮಯವಾದವು. ರಕ್ತದ್ರವವು ಯಕೃತ್ಕೋಶಗಳನ್ನು ನೇರವಾಗಿ ಮುಟ್ಟುವಂತೆ ರಚನೆಗೊಂಡವು. ವಿಷವಸ್ತುವಿನಿಂದಾಗಲಿ, ಔಷಧದಿಂದಾಗಲಿ, ತಿರಸ್ಕಾರಕ್ಕಾಗಿ ನುಗ್ಗಿಬಂದ ಬಿಳಿಯ ರಕ್ತಕಣಗಳಿಂದಾಗಲಿ ಈ ಕೋಶಗಳಿಗೆ ಪೆಟ್ಟು ಬಿದ್ದಾಗ ಅವು ಉಬ್ಬಿ ದುಂಡಗಾಗುತ್ತವೆ, ಅವುಗಳ ನಡುವೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಕೆಂಪು ರಕ್ತಕಣಗಳು ನುಸುಳಿ ಒಳಗೋಡೆಯನ್ನು ಅದರ ನೆಲೆಯಿಂದ ಎಬ್ಬಿಸುತ್ತವೆ. ಕಿತ್ತುಬಂದ ಕೋಶಗಳು ಪ್ರವಾಹದೊಡನೆ ಸಾಗಿ ಮುಂದಿನ ದಾರಿಯನ್ನು ಮುಚ್ಚುತ್ತವೆ. ಕೇಂದ್ರಸಿರೆಯ ಗೋಡೆ ಊದಿಕೊಂಡು, ದಿನ ಕಳೆದಂತೆ ನಾರುಗಟ್ಟಿ, ಅದರ ಬಾಯಿ ಕಿರಿದಾಗುತ್ತದೆ. ಹಿಂದೆ ವೆನೊ-ಅಕ್ಲೂಸಿವ್ ರೋಗವೆಂದೂ ಇಂದು ಸೈನುಸಾಯ್ಡಲ್ ಅಬ್ಸ್ಟ್ರಕ್ಷನ್ ಸಿಂಡ್ರೋಮ್ ಎಂದೂ ವೈದ್ಯಗ್ರಂಥಗಳು ಕರೆಯುವುದು ಇದನ್ನೇ. ಹೊರಹೋಗಲಾರದ ರಕ್ತ ಯಕೃತ್ತಿನಲ್ಲಿ ಮಡುಗಟ್ಟುತ್ತದೆ, ಅದು ಊದಿ ನೋಯುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾಗುತ್ತದೆ, ಉಣ್ಣದಿದ್ದರೂ ರೋಗಿಯ ತೂಕ ಏರುತ್ತದೆ, ಕಾಮಾಲೆ ತಲೆದೋರುತ್ತದೆ, ಮೂತ್ರಪಿಂಡಗಳು ಸೋಲತೊಡಗುತ್ತವೆ.

ಈಗ ಡಾಪ್ಲರನ್ನು ನೆಚ್ಚಿದವರ ವಾದವನ್ನು ನೋಡೋಣ. ಹಿರಿಯ ನಾಳಗಳಲ್ಲಿ ಪ್ರವಾಹವಿರುವುದರಿಂದ ಯಕೃತ್ತು ಕ್ಷೇಮವೆಂದು ಅವರ ಅನುಮಾನ. ಮಲೆನಾಡಿನ ಅಡಿಕೆ ತೋಟದಲ್ಲಿ ಕೆಲಸ ಬಲ್ಲ ಯಾವ ರೈತನೂ ಈ ತರ್ಕವನ್ನು ಒಪ್ಪಲಾರನು. ತೋಟದಾಚೆಯ ಹಳ್ಳ ತುಂಬಿ ಹರಿಯುತ್ತಿದ್ದರೂ, ಸಾಲುಗಳ ನಡುವಿನ ಬಸಿಗಾಲುವೆಗಳು ಹೂಳು ತುಂಬಿ ಕಟ್ಟಿಕೊಂಡರೆ ಮರಗಳ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆಂದು ಅವನು ಬಲ್ಲನು, ಹಳ್ಳವನ್ನು ನೋಡಿ ತೋಟದ ಕ್ಷೇಮವನ್ನು ಸಾರುವುದಿಲ್ಲ. ಡಾಪ್ಲರಿಗೆ ತೋರುವುದು ಹಳ್ಳ. ಕಸಿಯ ತರುವಾಯ ಹೆಪಾಟಿಕ್ ಸಿರೆಗಳ ಹೊಲಿಗೆಯ ಜಾಗದಲ್ಲಿ ಸಂಕೋಚನವಾಗುವುದುಂಟು. ಜೀವಂತ ದಾನಿಯ ಬಲಭಾಗವನ್ನು ಕಸಿಮಾಡಿದಾಗ ಇದರ ಸಂಭವ ಹೆಚ್ಚು. ಅದನ್ನು ಪತ್ತೆಮಾಡಿ ಬಲೂನಿನಿಂದಲೋ ಸ್ಟೆಂಟಿನಿಂದಲೋ ಅಗಲಿಸುವುದಕ್ಕೆ ಡಾಪ್ಲರ್ ಮತ್ತು ಸಿರಾಚಿತ್ರಣ ಅಮೂಲ್ಯವಾದ ಸಾಧನಗಳು. ಆದರೆ ಕಿರುಸಿರೆಯ ರೋಗದಲ್ಲಿ ಡಾಪ್ಲರಿನ ಅಲೆಗಳು ಬದಲಾಗುವುದು ಬಹುಶಃ ತಡವಾಗಿ. ಬದಲಾದರೂ ಆ ಬದಲಾವಣೆ ಇತರ ಹಲವು ಕಾರಣಗಳಿಂದಲೂ ಆಗಬಹುದಾದದ್ದು. ಹಿರಿಯ ಸಿರೆ ತೆರೆದಿದೆಯೆಂದು ಗೊತ್ತಾದಾಗ ಪ್ರಶ್ನೆಯ ಅರ್ಧಕ್ಕೆ ಉತ್ತರ ಸಿಕ್ಕಿತು. ಹೊಟ್ಟೆಯಲ್ಲಿ ನೀರು ಏಕೆ ತುಂಬುತ್ತಿದೆಯೆಂಬ ಉಳಿದರ್ಧ ಆಗಲೇ ತೀಕ್ಷ್ಣವಾಗತಕ್ಕದ್ದು. ವರದಿಯ ಕೊನೆಯಲ್ಲಿ "ನಾಳಗಳು ಸಹಜ" ಎಂಬ ವಾಕ್ಯವನ್ನೋದಿ ಕಡತವನ್ನು ಮಡಿಸಿಡುವವರು, ಹುಡುಕಬೇಕಾದ ಘಳಿಗೆಯಲ್ಲಿಯೇ ಹುಡುಕಾಟವನ್ನು ನಿಲ್ಲಿಸುತ್ತಾರೆ.

ಇದು ಅಸ್ಥಿಮಜ್ಜೆಯ ಕಸಿಗೆ ಸೇರಿದ ಕಾಯಿಲೆಯೆಂಬ ಮಾತಿಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ಅಸ್ಥಿಮಜ್ಜೆಯ ಕಸಿ ಎಂಬುದು ಇನ್ನೂ ಕನಸಾಗಿದ್ದ 1920ರಲ್ಲಿಯೇ ದಕ್ಷಿಣ ಆಫ್ರಿಕದಲ್ಲಿ ಸೆನೆಸಿಯೊ ಎಂಬ ಕಳೆಯ ಬೀಜ ಗೋಧಿಯಲ್ಲಿ ಬೆರೆತು ಜನರ ಯಕೃತ್ತು ಕೆಟ್ಟುದು ವರದಿಯಾಯಿತು. 1954ರಲ್ಲಿ ಜಮೈಕದ ವೈದ್ಯರು, ಕಾಡುಗಿಡಗಳ ಕಷಾಯ ಕುಡಿದ ಬಡಮಕ್ಕಳ ಯಕೃತ್ತಿನಲ್ಲಿ ಕಿರುಸಿರೆಗಳು ಮುಚ್ಚಿಹೋಗಿರುವುದನ್ನು ಸ್ಪಷ್ಟವಾಗಿ ವರ್ಣಿಸಿದರು. 1970ರ ದಶಕದಲ್ಲಿ ಆಫ್ಘಾನಿಸ್ತಾನದ ಹೆರಾತ್ ಪ್ರಾಂತದಲ್ಲಿ, ಎರಡು ವರ್ಷದ ಘೋರ ಬರದ ಬಳಿಕ, ಹೀಲಿಯೊಟ್ರೋಪಿಯಮ್ ಕಳೆಯ ಬೀಜ ಬೆರೆತ ಗೋಧಿಯ ರೊಟ್ಟಿಯನ್ನು ತಿಂದ ಹಳ್ಳಿಗಳಲ್ಲಿ ಐವರಲ್ಲೊಬ್ಬರಿಗೂ ಮಿಗಿಲಾಗಿ ಯಕೃತ್ತಿನ ಬಾಧೆ ಕಂಡಿತು. ಅದೇ ದಶಕದಲ್ಲಿ ನಮ್ಮ ದೇಶದ ಸರ್ಗುಜಾ ಜಿಲ್ಲೆಯ ಹಳ್ಳಿಗಳಲ್ಲಿ, ನಾವು ಸಾಮೆಯೆಂದು ಉಣ್ಣುವ ಧಾನ್ಯದೊಡನೆ ಸೆಣಬಿನ ಕುಲದ ಕಾಡುಗಿಡವೊಂದರ ಬೀಜ ಸೇರಿ, ಜಲೋದರದಿಂದ ಜನ ಸತ್ತರು. ಆ ಬೀಜಗಳಲ್ಲಿರುವ ಪೈರೊಲಿಜಿಡೀನ್ ಆಲ್ಕಲಾಯ್ಡುಗಳನ್ನು ಯಕೃತ್ತು ತಾನೇ ವಿಷವಾಗಿ ಮಾರ್ಪಡಿಸಿ ತನ್ನ ಸಿರೆಗಳನ್ನು ತಾನೇ ನೋಯಿಸಿಕೊಳ್ಳುತ್ತದೆ. ತದನಂತರ ಅಸ್ಥಿಮಜ್ಜೆಯ ಕಸಿಗೆ ಮುನ್ನ ಕೊಡುವ ಉಗ್ರ ಔಷಧಗಳಿಂದ ಇದೇ ರೋಗ ಬರುವುದು ತಿಳಿಯಿತು. ತಿರಸ್ಕಾರವನ್ನು ತಡೆಯಲು ಅಜಥಯೊಪ್ರಿನ್ ಎಂಬ ಔಷಧವನ್ನು ಸೇವಿಸುತ್ತಿದ್ದ ಮೂತ್ರಪಿಂಡ ಕಸಿಯ ರೋಗಿಗಳಲ್ಲಿ 1980ರ ದಶಕದಲ್ಲಿಯೂ, ಯಕೃತ್ತಿನ ಕಸಿಯ ರೋಗಿಗಳಲ್ಲಿ 1990ರ ದಶಕದ ಆರಂಭದಿಂದೀಚೆಗೂ ಇಂಥ ಹಾನಿ ದಾಖಲಾಯಿತು. ಇತ್ತೀಚೆಗೆ ಟ್ಯಾಕ್ರೊಲಿಮಸ್ಸಿನ ಮೇಲೂ ಸಂಶಯ ಬೀಳುವಂಥ ಪ್ರಕರಣಗಳು ಪ್ರಕಟವಾಗಿವೆ. ನೂರು ವರ್ಷಕ್ಕೂ ಹಿಂದಿನಿಂದ ಹೊಲದಲ್ಲಿ, ಅಡಿಗೆಮನೆಯಲ್ಲಿ, ಔಷಧದ ಪೆಟ್ಟಿಗೆಯಲ್ಲಿ ಕಾಣುತ್ತ ಬಂದಿರುವ ರೋಗವನ್ನು ಒಂದು ವಾರ್ಡಿನ ಸೊತ್ತೆಂದು ಬೇಲಿ ಹಾಕಿ ಕೂಡಿಸುವುದು ಶಾಸ್ತ್ರವಲ್ಲ.

ಬೇಲಿ ಹಾಕಿದುದರಿಂದ ಒದಗಿದ ಇನ್ನೊಂದು ಕೇಡನ್ನೂ ಇಲ್ಲಿ ಹೇಳಬೇಕು. ಅಸ್ಥಿಮಜ್ಜೆಯ ಕಸಿಯವರು 1980ರ ದಶಕದಲ್ಲಿ ಸಿಯಾಟಲ್ ಮತ್ತು ಬಾಲ್ಟಿಮೋರ್ ನಗರಗಳ ಹೆಸರಿನಲ್ಲಿ ರೋಗನಿರ್ಣಯದ ಸೂತ್ರಗಳನ್ನು ರಚಿಸಿದರು: ಸುಮಾರು ಮೂರು ವಾರದೊಳಗೆ ಕಾಮಾಲೆ ತರುವ ಬಿಲಿರುಬಿನ್ ರಕ್ತದಲ್ಲಿ ಡೆಸಿಲೀಟರಿಗೆ 2 ಮಿಲಿಗ್ರಾಂ ಮೀರುವುದು, ಯಕೃತ್ತು ಊದುವುದು, ಜಲೋದರ, ತೂಕದ ಏರಿಕೆ, ಇತ್ಯಾದಿ. ಅವರ ರೋಗಿಗಳಿಗೆ ಅವು ತಕ್ಕ ಸೂತ್ರಗಳೇ. ಆದರೆ ಹೊಸ ಯಕೃತ್ತನ್ನು ಪಡೆದವನಲ್ಲಿ ಮೊದಲ ವಾರಗಳಲ್ಲಿ ಬಿಲಿರುಬಿನ್ ಏರಿರುವುದಕ್ಕೆ ಹತ್ತು ಕಾರಣಗಳಿರುತ್ತವೆ; ಹೊಟ್ಟೆಯ ನೀರು ಹಳೆಯ ರೋಗದ ಶೇಷವಾಗಿಯೂ ಇರಬಹುದು; ಇನ್ನು ಕಿರುಸಿರೆಗಳ ಹಾನಿಯಾದರೋ ತಿಂಗಳುಗಳು ಕಳೆದಮೇಲೆಯೂ ತಲೆದೋರಬಲ್ಲದು. ಬೇರೊಂದು ದೇಹಸ್ಥಿತಿಗಾಗಿ ಕಟ್ಟಿದ ಸೂತ್ರಕ್ಕೆ ಈ ರೋಗಿ ಹೊಂದಲಿಲ್ಲವೆಂದು ರೋಗವೇ ಇಲ್ಲವೆಂದು ತೀರ್ಮಾನಿಸುವುದು, ರೋಗಿಗಿಂತ ಸೂತ್ರವನ್ನು ದೊಡ್ಡದಾಗಿಸಿದಂತೆ.

ಎಲ್ಲಕ್ಕಿಂತ ಅಪಾಯಕರವಾದುದು ಮೊದಲಲ್ಲಿ ಹೇಳಿದ ಇನ್ನೊಂದು ನಂಬಿಕೆ: ಏರುಪೇರಾಯಿತೆಂದರೆ ತಿರಸ್ಕಾರವೆಂದು ಭಾವಿಸಿ ಮೊದಲು ಮದ್ದನ್ನು ಹೆಚ್ಚಿಸೋಣ, ಆಮೇಲೆ ವಿಚಾರಿಸೋಣ ಎಂಬುದು. ಕಿರುಸಿರೆಗಳ ರೋಗಕ್ಕೂ ತಿರಸ್ಕಾರಕ್ಕೂ ಇರುವ ಸಂಬಂಧ ಜಟಿಲವಾದುದು. ಫ್ರಾನ್ಸಿನಿಂದ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಾವಿರಕ್ಕೂ ಮೀರಿದ ಯಕೃತ್ತಿನ ಕಸಿಯ ರೋಗಿಗಳ ಪೈಕಿ ನೂರಕ್ಕೆ ಸುಮಾರು ಇಬ್ಬರಲ್ಲಿ ಬಯಾಪ್ಸಿಯಿಂದ, ಎಂದರೆ ಅಂಗಾಂಶದ ಚೂರಿನ ಪರೀಕ್ಷೆಯಿಂದ, ಈ ರೋಗ ಕಂಡುಬಂದಿತು. ಅವರಲ್ಲಿ ಹಲವರಿಗೆ ಹೊರಗೆ ಕಾಣುವ ಲಕ್ಷಣಗಳೇ ಇರಲಿಲ್ಲ. ಸಿರೆಗಳ ಒಳಗೋಡೆಯನ್ನೇ ಗುರಿಯಾಗಿಸಿಕೊಂಡ ತಿರಸ್ಕಾರದೊಡನೆ ಅದು ಹೆಣೆದುಕೊಂಡಿತ್ತು. ಅಂದರೆ ಒಬ್ಬ ರೋಗಿಯಲ್ಲಿ ಕಿರುಸಿರೆಗಳು ಮುಚ್ಚುವುದಕ್ಕೆ ತಿರಸ್ಕಾರವೇ ಕಾರಣವಾಗಿರಬಹುದು; ಅವನಿಗೆ ಔಷಧವನ್ನು ಹೆಚ್ಚಿಸಬೇಕು. ಇನ್ನೊಬ್ಬನಲ್ಲಿ ಆ ಔಷಧಗಳಲ್ಲೊಂದೇ ಸಿರೆಗಳನ್ನು ಸುಡುತ್ತಿರಬಹುದು. ಅವನಿಗೆ ಅದನ್ನು ತಟ್ಟನೆ ನಿಲ್ಲಿಸಿ ಬೇರೊಂದನ್ನು ಕೊಡಬೇಕು. ಹಾಸಿಗೆಯ ಬಳಿ ನಿಂತು ನೋಡಿದರೆ ಇಬ್ಬರ ಹೊಟ್ಟೆಯೂ ಒಂದೇ ಬಗೆಯಾಗಿ ಉಬ್ಬಿದೆ, ಇಬ್ಬರ ಕಣ್ಣೂ ಒಂದೇ ಬಗೆಯಾಗಿ ಹಳದಿಯಾಗಿದೆ. ಚಿಕಿತ್ಸೆಗಳು ಮಾತ್ರ ಒಂದಕ್ಕೊಂದು ವಿರುದ್ಧ. ಇಂತಹ ಸನ್ನಿವೇಶದಲ್ಲಿ ಅಂದಾಜಿನಿಂದ ಮದ್ದನ್ನೇರಿಸುವ ಧೈರ್ಯ ವೈದ್ಯನಿಗೆ ಒಪ್ಪತಕ್ಕ ಧೈರ್ಯವಲ್ಲ.

ನಿರ್ಣಯ ಎಲ್ಲಿದೆ? ಸೂಜಿಯಿಂದ ತೆಗೆದ, ಒಂದೆರಡು ಸೆಂಟಿಮೀಟರು ಉದ್ದದ, ಎಳೆಯಷ್ಟು ತೆಳ್ಳನೆಯ ಅಂಗಾಂಶದ ಚೂರಿನಲ್ಲಿದೆ. ಅದನ್ನು ಮೇಣದಲ್ಲಿ ಹುದುಗಿಸಿ, ಅತಿಸೂಕ್ಷ್ಮವಾಗಿ ಸೀಳಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿರಿಸಿದಾಗ, ತಿರಸ್ಕಾರದ ಸಾಧಾರಣ ಚಿತ್ರವಾದರೆ ಪೋರ್ಟಲ್ ಪ್ರದೇಶಗಳಲ್ಲಿ ನೆರೆದ ಉರಿಯೂತದ ಕಣಗಳೂ, ಅವುಗಳಿಂದ ಗಾಯಗೊಂಡ ಪಿತ್ತನಾಳಗಳೂ ಕಾಣುತ್ತವೆ. ಕಿರುಸಿರೆಗಳ ರೋಗವಾದರೆ ಕಣ್ಣು ಹೋಗಬೇಕಾದುದು ಸೂಕ್ಷ್ಮಖಂಡದ ನಡುವಿಗೆ: ಅಲ್ಲಿ ಸೈನುಸಾಯ್ಡುಗಳು ಹಿಗ್ಗಿ ರಕ್ತದಿಂದ ಕಿಕ್ಕಿರಿದಿರುತ್ತವೆ, ಇರಬಾರದ ಎಡೆಯಲ್ಲಿ ಕೆಂಪು ಕಣಗಳು ಹರಡಿರುತ್ತವೆ, ಸುತ್ತಲಿನ ಯಕೃತ್ಕೋಶಗಳು ಬಾಡಿ ಸತ್ತಿರುತ್ತವೆ. ಟ್ರೈಕ್ರೋಮ್ ಬಣ್ಣ ಹಾಕಿದರೆ ಕೇಂದ್ರಸಿರೆಯ ಗೋಡೆಯೊಳಗೆ ನೀಲಿಯ ನಾರು ಕಂಡು, ನಡುವಿನ ಬಿಲ ಎಷ್ಟು ಕಿರಿದಾಗಿದೆಯೆಂಬುದು ನಿಚ್ಚಳವಾಗುತ್ತದೆ. ಆ ವಿಶೇಷ ಬಣ್ಣವಿಲ್ಲದೆ ಸಾಧಾರಣ ಬಣ್ಣದಲ್ಲಿ ಮಾತ್ರ ನೋಡಿದರೆ, ಪೂರ್ತಿ ಮುಚ್ಚಿದ ಪುಟ್ಟ ಸಿರೆ ಸುತ್ತಲಿನ ಅಂಗಾಂಶದಲ್ಲಿ ಲೀನವಾಗಿ ನುರಿತವರ ಕಣ್ಣನ್ನೂ ತಪ್ಪಿಸಬಲ್ಲದು. ಆದಕಾರಣ "ತಿರಸ್ಕಾರವಿದೆಯೆ?" ಎಂಬ ಒಂದೇ ಪ್ರಶ್ನೆಯನ್ನು ಬರೆದು ಚೂರನ್ನು ಪ್ರಯೋಗಶಾಲೆಗೆ ಕಳಿಸಿದ ವೈದ್ಯನಿಗೆ ಆ ಒಂದೇ ಪ್ರಶ್ನೆಗೆ ಉತ್ತರ ಬಂದೀತು. ಕೇಂದ್ರಸಿರೆಗಳು ಹೇಗಿವೆಯೆಂದು ಕೇಳಿ ಬರೆಯುವುದಕ್ಕೆ ಒಂದು ಸಾಲು ಸಾಕು. ಆ ಒಂದು ಸಾಲಿನ ಮೇಲೆ ಒಬ್ಬನ ಪ್ರಾಣ ನಿಲ್ಲಬಹುದು.

ಬಯಾಪ್ಸಿ ಅಪಾಯಕರವೆಂಬ ಆಕ್ಷೇಪಕ್ಕೆ ನ್ಯಾಯವಾದ ಅಂಶವುಂಟು. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗಿದ, ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಯ ಪಕ್ಕೆಯ ಮೂಲಕ ಸೂಜಿಯನ್ನು ಚುಚ್ಚುವುದು ರಕ್ತಸ್ರಾವಕ್ಕೆ ಎಡೆಗೊಡಬಹುದು. ಆದರೆ ಆ ಭಯಕ್ಕೆ ಪರಿಹಾರವನ್ನು ವೈದ್ಯಶಾಸ್ತ್ರವೇ ಕಂಡುಕೊಂಡಿದೆ. ಕುತ್ತಿಗೆಯ ಸಿರೆಯೊಳಗೆ ತೆಳುವಾದ ಕೊಳವೆಯನ್ನು ಸೇರಿಸಿ, ಹೃದಯದ ಬಲಕೋಣೆಯನ್ನು ಹಾಯ್ದು, ಹೆಪಾಟಿಕ್ ಸಿರೆಯನ್ನು ತಲುಪಿ, ಒಳಗಿನಿಂದಲೇ ಚೂರನ್ನು ತೆಗೆಯುವ ವಿಧಾನವಿದೆ. ಅಲ್ಲಿ ಒಸರಿದ ರಕ್ತ ಹೊಟ್ಟೆಗೆ ಸೋರದೆ ಸಿರೆಗೇ ಮರಳುತ್ತದೆ. ಅದೇ ಕೊಳವೆಯಿಂದ ಆಗಲೇ ಯಕೃತ್ತಿನೊಳಗಿನ ಒತ್ತಡವನ್ನು ಅಳೆಯಬಹುದು. ಹೊಲಿಗೆಯ ಜಾಗ ಕಿರಿದಾಗಿದೆಯೆ ಇಲ್ಲವೆ ಎಂಬುದನ್ನೂ ಕಣ್ಣಾರೆ ನೋಡಬಹುದು. ಒಂದೇ ಪ್ರಯತ್ನದಲ್ಲಿ ಮೂರು ಉತ್ತರಗಳು ದೊರೆಯುವ ಉಪಾಯವಿರುವಾಗ, ಪಕ್ಕೆಯ ಸೂಜಿಯ ಅಪಾಯವನ್ನು ಮುಂದೊಡ್ಡಿ ಪರೀಕ್ಷೆಯನ್ನೇ ಕೈಬಿಡುವುದು ಸರಿಯಲ್ಲ. ಪರೀಕ್ಷೆ ಮಾಡುವುದರ ಅಪಾಯವನ್ನು ತೂಗುವವರು ಪರೀಕ್ಷೆ ಮಾಡದಿರುವುದರ ಅಪಾಯವನ್ನೂ ಅದೇ ತಕ್ಕಡಿಯಲ್ಲಿಡಬೇಕು.

ಇನ್ನು ಅಪರೂಪವೆಂಬ ವಾದ. ನೂರಕ್ಕೆ ಇಬ್ಬರು ಎಂಬ ಲೆಕ್ಕವನ್ನೇ ಒಪ್ಪೋಣ. ವರ್ಷಕ್ಕೆ ಸಾವಿರಾರು ಕಸಿಗಳು ನಡೆಯುವ ದೇಶದಲ್ಲಿ ಆ ಲೆಕ್ಕವೇ ಹತ್ತಾರು ಕುಟುಂಬಗಳ ಗೋಳಾಗಿ ಪರಿಣಮಿಸುತ್ತದೆ. ಅದಲ್ಲದೆ, ಯಾವ ರೋಗವೇ ಆಗಲಿ ಹುಡುಕದವರಿಗೆ ಅಪರೂಪವಾಗಿಯೇ ಕಾಣುತ್ತದೆ. ಹೊರಲಕ್ಷಣವಿಲ್ಲದೆಯೂ ಬರತಕ್ಕ ರೋಗ, ಬಯಾಪ್ಸಿಯಿಂದ ಮಾತ್ರ ಖಚಿತವಾಗತಕ್ಕ ರೋಗ, ಬಯಾಪ್ಸಿಯನ್ನೇ ಮಾಡದ ಕಡೆ ಹೇಗೆ ಗಣನೆಗೆ ಬಂದೀತು? ಕಾರಣ ತಿಳಿಯದೆ ಸೋತುಹೋದ ಯಕೃತ್ತುಗಳ ಪೈಕಿ ಎಷ್ಟರ ಕಿರುಸಿರೆಗಳನ್ನು ಯಾರಾದರೂ ನೋಡಿದರು? ನೋಡದೆ ಅಪರೂಪವೆನ್ನುವುದು, ಅಪರೂಪವೆಂಬ ಕಾರಣದಿಂದ ನೋಡದಿರುವುದು, ಇವೆರಡೂ ಒಂದನ್ನೊಂದು ಆಶ್ರಯಿಸಿ ನಿಂತ ದೋಷಗಳು. ನಮ್ಮ ತಾರ್ಕಿಕರು ಅನ್ಯೋನ್ಯಾಶ್ರಯವೆಂದು ಎಂದೋ ಖಂಡಿಸಿದ ತರ್ಕದೋಷ ಇದು.

ಕಡೆಯದು, ಮಾಡುವುದಕ್ಕೆ ಏನೂ ಇಲ್ಲವೆಂಬ ನಿರಾಶಾವಾದ. ಕಿರುಸಿರೆಗಳ ರೋಗಕ್ಕೆ ಕೊಡುವ ಡಿಫೈಬ್ರೊಟೈಡ್ ಎಂಬ ಔಷಧಕ್ಕೆ ಯೂರೋಪಿನಲ್ಲಿ 2013ರಲ್ಲಿಯೂ ಅಮೆರಿಕದಲ್ಲಿ 2016ರಲ್ಲಿಯೂ ಅನುಮತಿ ದೊರೆಯಿತೆಂಬುದು ನಿಜ. ಆ ಅನುಮತಿ ಅಸ್ಥಿಮಜ್ಜೆಯ ಮೂಲಕೋಶಗಳ ಕಸಿಯ ತರುವಾಯ ಬರುವ ತೀವ್ರರೋಗಕ್ಕೇ ಮೀಸಲಾದುದು, ಯಕೃತ್ತಿನ ಕಸಿಯಲ್ಲಿ ಅದರ ಪ್ರಯೋಗ ಕೆಲವೇ ಪ್ರಕರಣಗಳ ಮಟ್ಟದಲ್ಲಿದೆ, ಬೆಲೆಯೂ ದುಬಾರಿ. ಇಷ್ಟನ್ನು ಒಪ್ಪಿಕೊಂಡರೂ ಕೈಕಟ್ಟಿ ಕೂರಲು ಕಾರಣ ಸಿಗುವುದಿಲ್ಲ. ಹಾನಿಮಾಡುತ್ತಿರುವ ಔಷಧವನ್ನು ಗುರುತಿಸಿ ನಿಲ್ಲಿಸಿದಾಗ ರೋಗ ಹಿಮ್ಮೆಟ್ಟಿ ಯಕೃತ್ತು ಚೇತರಿಸಿಕೊಂಡ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿವೆ. ಒಂದು ಮಾತ್ರೆಯನ್ನು ನಿಲ್ಲಿಸುವುದಕ್ಕೆ ಹಣ ಬೇಡ, ಅರಿವು ಬೇಕು. ತಿರಸ್ಕಾರವೇ ಮೂಲವೆಂದು ಚೂರು ತೋರಿಸಿದರೆ ಅದಕ್ಕೆ ತಕ್ಕ ಚಿಕಿತ್ಸೆ ನಿಸ್ಸಂಶಯವಾಗಿ ಮುಂದುವರಿಯಬಹುದು. ನೀರನ್ನಿಳಿಸುವ ಔಷಧಗಳಿವೆ, ಅವು ಸಾಲದಾದಾಗ ಪೋರ್ಟಲ್ ಸಿರೆಗೂ ಹೆಪಾಟಿಕ್ ಸಿರೆಗೂ ನಡುವೆ ಯಕೃತ್ತಿನೊಳಗೇ ಲೋಹದ ಕೊಳವೆಯಿಂದ ದಾರಿಮಾಡಿ ಒತ್ತಡವನ್ನು ತಗ್ಗಿಸುವ ಕ್ರಮವಿದೆ, ಎಲ್ಲವೂ ವಿಫಲವಾದರೆ ಎರಡನೆಯ ಕಸಿಗೆ ರೋಗಿಯನ್ನು ಸಕಾಲದಲ್ಲಿ ಸಿದ್ಧಪಡಿಸಬಹುದು. ಇವೆಲ್ಲ ಫಲಿಸುವುದು ಸಿರೆಗಳು ನಾರುಗಟ್ಟುವ ಮುನ್ನ, ಮೂತ್ರಪಿಂಡಗಳು ಸೋಲುವ ಮುನ್ನ. ಆದ್ದರಿಂದ ಚಿಕಿತ್ಸೆಯಿಲ್ಲವೆಂಬ ಮಾತು ಬಹುವೇಳೆ ತಡವಾಗಿ ಕಂಡುಹಿಡಿದವರ ಅನುಭವ. ಬೇಗ ಕಂಡುಹಿಡಿಯದಿರುವುದಕ್ಕೆ ಅದನ್ನೇ ಸಮರ್ಥನೆಯಾಗಿ ಒಡ್ಡುವುದು ಹೇಗೆ ನ್ಯಾಯವಾದೀತು?

ಜನಸಾಮಾನ್ಯರಲ್ಲಿರುವ ಇನ್ನೊಂದು ಭ್ರಮೆಯನ್ನು ಇಲ್ಲಿ ಖಂಡಿಸದಿದ್ದರೆ ವಾದ ಅಪೂರ್ಣವಾದೀತು. ಗಿಡಮೂಲಿಕೆಯೆಂಬ ಮಾತ್ರಕ್ಕೆ ನಿರಪಾಯವೆಂದು ನಂಬುವವರು ನಮ್ಮಲ್ಲಿ ಬಹುಜನರಿದ್ದಾರೆ. ಯಕೃತ್ತಿನ ಕಾಯಿಲೆಯೆಂದೊಡನೆ ಸೊಪ್ಪಿನ ರಸವನ್ನೋ ಪುಡಿಯನ್ನೋ ಕೊಡುವವರನ್ನು ಅರಸಿ ಹೋಗುವುದು ನಮ್ಮ ಹಳ್ಳಿ ಪಟ್ಟಣಗಳೆರಡರ ರೂಢಿ. ಕಸಿ ಆದಮೇಲೂ, ಮಾತ್ರೆಗಳ ಉಷ್ಣ ತಗ್ಗಲಿ ಎಂದು ಬಂಧುಗಳು ಪ್ರೀತಿಯಿಂದಲೇ ಅವನ್ನು ತಂದುಕೊಡುತ್ತಾರೆ. ಔಷಧಿಗಿಡಗಳೆಲ್ಲ ವಿಷವೆಂದು ಯಾವ ವಿವೇಕಿಯೂ ಹೇಳನು. ಆದರೆ ಹೆರಾತಿನ ಜನರನ್ನು ಕೊಂದ ಹೀಲಿಯೊಟ್ರೋಪಿಯಮ್ ಕುಲದ್ದೇ ಆದ ಚೇಳುಕೊಂಡಿ ಗಿಡ ನಮ್ಮ ಹೊಲದ ಬದುಗಳಲ್ಲಿ ಬೆಳೆಯುತ್ತದೆ. ಸರ್ಗುಜಾದ ಬೀಜದ ಬಂಧುಗಳಾದ ಕಾಡುಸೆಣಬುಗಳು ನಮ್ಮ ಬಯಲುಗಳಲ್ಲಿಯೂ ಇವೆ. ಚೀನದಲ್ಲಿ ಪೆಟ್ಟಿಗೂ ನೋವಿಗೂ ಮನೆಮದ್ದಾಗಿ ಬಳಸುವ ಗೈನುರ ಕುಲದ ಗಿಡವೊಂದು ಅಲ್ಲಿ ಕಿರುಸಿರೆಗಳ ರೋಗಕ್ಕೆ ಮುಖ್ಯಕಾರಣವಾಗಿದೆಯೆಂಬುದು ಸುಪ್ರಸಿದ್ಧ. ಒಮ್ಮೆ ತನ್ನದನ್ನು ಕಳೆದುಕೊಂಡು ಇನ್ನೊಬ್ಬರ ಯಕೃತ್ತಿನಿಂದ ಬದುಕುತ್ತಿರುವವನು, ಒಳಗೇನಿದೆಯೆಂದು ಗೊತ್ತಿಲ್ಲದ ಪುಡಿಯನ್ನು ಒಂದು ಚಿಟಿಕೆಯೂ ಬಾಯಿಗೆ ಹಾಕತಕ್ಕದ್ದಲ್ಲ. ಹಾಗೆ ಹಾಕಿದ್ದರೆ ಅದನ್ನು ವೈದ್ಯನ ಮುಂದೆ ಮುಚ್ಚಿಡತಕ್ಕದ್ದೂ ಅಲ್ಲ. ಕೇಳುವಾಗ ಗದರಿಸದೆ ಕೇಳುವುದು ವೈದ್ಯನ ಕರ್ತವ್ಯ. ಏಕೆಂದರೆ ಗದರಿಸಿದವನಿಗೆ ಯಾರೂ ನಿಜವನ್ನು ಹೇಳುವುದಿಲ್ಲ.

ಈ ವಿಷಯದಲ್ಲಿ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ನಮ್ಮ ದೇಶದಲ್ಲಿ ನಡೆಯುವ ಯಕೃತ್ತಿನ ಕಸಿಗಳಲ್ಲಿ ಬಹುಪಾಲು ಜೀವಂತ ದಾನಿಗಳಿಂದ ಆಗತಕ್ಕವು. ಹೆಂಡತಿ ಗಂಡನಿಗಾಗಿ, ತಾಯಿ ಮಗುವಿಗಾಗಿ, ಮಗಳು ತಂದೆಗಾಗಿ ಆರೋಗ್ಯವಾಗಿದ್ದ ತಮ್ಮ ಒಡಲನ್ನು ಕೊಯ್ಯಗೊಡುತ್ತಾರೆ. ಯಕೃತ್ತಿನ ಅರ್ಧಕ್ಕೂ ಮಿಗಿಲಾದ ಭಾಗವನ್ನು ಎಷ್ಟೋ ವೇಳೆ ಕೊಟ್ಟುಬಿಡುತ್ತಾರೆ. ಮೃತದಾನಿಯ ಕುಟುಂಬವಾದರೂ ತನ್ನ ಶೋಕದ ನಡುವೆಯೇ ಒಪ್ಪಿಗೆಗೆ ಸಹಿ ಹಾಕಿರುತ್ತದೆ. ಇಂತಹ ದಾನವನ್ನು ಸ್ವೀಕರಿಸಿದ ವೈದ್ಯವ್ಯವಸ್ಥೆಗೆ, ಆ ಅಂಗದೊಳಗಿನ ಅತ್ಯಂತ ಕಿರಿದಾದ ಸಿರೆಯವರೆಗೂ ಕಾವಲಿರುವ ಹೊಣೆ ಬೀಳುತ್ತದೆ. ಕರ್ನಾಟಕದಲ್ಲಿ ಕಸಿಯ ಕೇಂದ್ರಗಳು ಬಹುಮಟ್ಟಿಗೆ ಬೆಂಗಳೂರಿನಲ್ಲಿವೆ. ರೋಗಿಗಳಾದರೋ ಬೀದರಿನಿಂದ, ರಾಯಚೂರಿನಿಂದ, ಕಾರವಾರದಿಂದ ಬಂದು ಮರಳುವವರು. ಊರಿಗೆ ಮರಳಿದವನ ಹೊಟ್ಟೆ ಮೂರು ತಿಂಗಳ ಮೇಲೆ ಉಬ್ಬತೊಡಗಿದಾಗ ಅವನು ಮೊದಲು ಕಾಣುವುದು ತಾಲ್ಲೂಕಿನ ವೈದ್ಯನನ್ನು. ಆ ವೈದ್ಯನ ಕೈಗೆ ಈ ರೋಗದ ಹೆಸರನ್ನೂ ಲಕ್ಷಣಗಳನ್ನೂ ಬರೆದ ಒಂದು ಪತ್ರವಾದರೂ ಸೇರಿರದಿದ್ದರೆ, ಬೆಂಗಳೂರಿನ ಶಸ್ತ್ರಕೌಶಲದಿಂದ ಅವನಿಗಾದ ಪ್ರಯೋಜನವೇನು?

ಆದುದರಿಂದ ಸಿದ್ಧಾಂತವನ್ನು ಹೀಗೆ ನಿರೂಪಿಸಬಹುದು. ಕಸಿಯಾದ ಪ್ರತಿಯೊಬ್ಬನೂ ಆಸ್ಪತ್ರೆಯಲ್ಲಿರುವಾಗಲೂ ಮನೆಗೆ ಹೋದಮೇಲೂ ದಿನವೂ ಬೆಳಗ್ಗೆ ತನ್ನ ತೂಕವನ್ನೂ ಹೊಟ್ಟೆಯ ಸುತ್ತಳತೆಯನ್ನೂ ಬರೆದಿಡುವಂತೆ ಕಲಿ‌ಸಬೇಕು. ಕಾರಣ ತಿಳಿಯದ ಏರಿಕೆ ಕಂಡರೆ ಕಾಯದೆ ಬರಬೇಕೆಂದು ಅವನ ಭಾಷೆಯಲ್ಲಿಯೇ ಹೇಳಿರಬೇಕು. ಡಾಪ್ಲರಿನಲ್ಲಿ ಹಿರಿಯ ನಾಳಗಳು ಸರಿಯಾಗಿದ್ದೂ ಜಲೋದರ ನಿಲ್ಲದಿದ್ದರೆ, ಕುತ್ತಿಗೆಯ ಸಿರೆಯ ಮಾರ್ಗದಿಂದ ಬಯಾಪ್ಸಿಯೂ ಒತ್ತಡದ ಅಳತೆಯೂ ಆಗಬೇಕು; ಕೇಂದ್ರಸಿರೆಗಳ ಸ್ಥಿತಿಯನ್ನು ವರದಿಯಲ್ಲಿ ಪ್ರತ್ಯೇಕವಾಗಿ ಬರೆಯುವುದು ಕಡ್ಡಾಯವಾಗಬೇಕು. ಸ್ಟೀರಾಯ್ಡನ್ನು ಏರಿಸುವ ಮುನ್ನ ರೋಗಿ ನುಂಗುತ್ತಿರುವ ಪ್ರತಿಯೊಂದು ಮಾತ್ರೆಯನ್ನೂ, ಮನೆಮದ್ದನ್ನೂ ಪಟ್ಟಿಮಾಡಿ ಸಂಶಯದಿಂದ ಪರಿಶೀಲಿಸಬೇಕು. ಪ್ರತಿಯೊಂದು ಕೇಂದ್ರವೂ ಇಂತಹ ಪ್ರಕರಣಗಳನ್ನು, ಸೋಲುಗಳನ್ನೂ ಸೇರಿಸಿ, ಪ್ರಕಟಿಸಬೇಕು. ನಮ್ಮ ರೋಗಿಗಳ ವಿಷಯವನ್ನು ಎಷ್ಟು ಕಾಲ ಪರದೇಶದ ಲೆಕ್ಕದಿಂದಲೇ ಊಹಿಸುತ್ತಿರೋಣ? ಇವುಗಳಲ್ಲಿ ಯಾವುದೂ ಹೊಸ ಯಂತ್ರವನ್ನು ಬೇಡುವುದಿಲ್ಲ. ಕಸಿ ಮಾಡಬಲ್ಲ ಆಸ್ಪತ್ರೆಗೆ ಅಸಾಧ್ಯವಾದದ್ದೂ ಇವುಗಳಲ್ಲಿ ಒಂದಿಲ್ಲ. ಬೇಕಾದುದು, ಶಸ್ತ್ರಚಿಕಿತ್ಸೆಯ ಕೊನೆಯ ಹೊಲಿಗೆಯೊಡನೆ ಕರ್ತವ್ಯ ಮುಗಿಯಿತೆಂಬ ಭಾವನೆಯನ್ನು ಬಿಡುವುದು. ಯಕೃತ್ತನ್ನು ಕೊಟ್ಟವರು ಅದನ್ನು ಕೊಟ್ಟದ್ದು ಒಂದು ದಿನದ ಶಸ್ತ್ರಕೌಶಲದ ಪ್ರದರ್ಶನಕ್ಕಾಗಿ ಅಲ್ಲ, ತಮ್ಮವರು ವರ್ಷಗಟ್ಟಲೆ ಬದುಕಲೆಂದು; ಆ ಉದ್ದೇಶ ಈಡೇರುವವರೆಗೆ ಯಾವ ಕಸಿಯನ್ನೂ ಯಶಸ್ವಿಯೆಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ.